ಶುಕ್ರನ ಕತ್ತರಿ, ಸೂರ್ಯನ ಅಳತೆ

ಭೂಮಿಗೂ ಸೂರ್ಯನಿಗೂ ನಡುವಿನ ದೂರ ಎಷ್ಟು? ಶಾಲೆಯಲ್ಲಿ ಈ ಬಿಟ್ಟ ಸ್ಥಳವನ್ನು ನಾವೆಲ್ಲ ತುಂಬಿದವರೇ. ಉತ್ತರ 15 ಕೋಟಿ ಕಿಲೋಮೀಟರ್. ಸರಿ ಗುರುತು ಬಿದ್ದ ಮೇಲೆ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಆದರೆ ಆ ದೂರವನ್ನು ಅಳೆದವರು ಯಾರು, ಟೇಪಿನ ಆ ತುದಿಯನ್ನು ಹಿಡಿದುಕೊಂಡವರು ಯಾರು? ಪ್ರತಿ ತರಗತಿಯಲ್ಲೂ ಹೀಗೆ ಕೇಳುವ ಮಗು ಒಂದಾದರೂ ಇರುತ್ತದೆ. ಅದು ತರಲೆ ಪ್ರಶ್ನೆಯಲ್ಲ. ಹದಿನೆಂಟನೆಯ ಶತಮಾನದ ಅತ್ಯಂತ ದೊಡ್ಡ ವಿಜ್ಞಾನ ಸಾಹಸ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಅದಕ್ಕಾಗಿ ಕೆಲವರು ಸೈಬೀರಿಯದ ಹಿಮ ದಾಟಿದರು, ಕೆಲವರು ತಾಹಿತಿ ದ್ವೀಪಕ್ಕೆ ಹಡಗು ಹತ್ತಿದರು. ಒಬ್ಬ ನಮ್ಮ ಪಕ್ಕದ ಪಾಂಡಿಚೇರಿಗೆ ಬಂದು ಮೋಡದ ಕೆಳಗೆ ನಿಂತ.

ಅವರು ಕೊಂಡೊಯ್ದ ಮುಖ್ಯ ಅಳತೆಗೋಲು ಗಡಿಯಾರ. ದೂರ ಅಳೆಯಲು ಗಡಿಯಾರ ಏಕೆ ಬೇಕಾಯಿತು ಎನ್ನುವುದೇ ಈ ಅಧ್ಯಾಯದ ಕಥೆ.

ಅಳತೆಪಟ್ಟಿ ಹರಿದುಹೋದ ನಕ್ಷೆ

ಹಳೆಯ ಗ್ರಾಮನಕ್ಷೆಯೊಂದು ನಿಮ್ಮ ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಕೆರೆ, ದೇವಸ್ಥಾನ, ಹೊಲ, ಹಾದಿ ಎಲ್ಲವೂ ಅಚ್ಚುಕಟ್ಟಾಗಿವೆ. ಆದರೆ ‘ಒಂದು ಅಂಗುಲಕ್ಕೆ ಇಷ್ಟು’ ಎಂದು ಬರೆದಿದ್ದ ಮೂಲೆಯನ್ನು ಗೆದ್ದಲು ತಿಂದಿದೆ. ಕೆರೆಗಿಂತ ದೇವಸ್ಥಾನ ಎರಡು ಪಟ್ಟು ದೂರ ಎಂದು ಹೇಳಬಲ್ಲಿರಿ. ಎಷ್ಟು ಮೀಟರ್ ಎಂದರೆ ಬಾಯಿ ಕಟ್ಟುತ್ತದೆ. ಆ ಊರಿನಲ್ಲಿ ಯಾವುದಾದರೂ ಒಂದೇ ಒಂದು ದೂರವನ್ನು ಅಳೆದರೆ ಸಾಕು, ನಕ್ಷೆಯ ಇಡೀ ಲೆಕ್ಕ ಬಿಚ್ಚಿಕೊಳ್ಳುತ್ತದೆ.

1619ರ ಹೊತ್ತಿಗೆ ಸೌರಮಂಡಲದ ಸ್ಥಿತಿ ಹೀಗೇ ಇತ್ತು. ಗ್ರಹ ಸೂರ್ಯನನ್ನು ಸುತ್ತಲು ಹಿಡಿಯುವ ಕಾಲಕ್ಕೂ ಸೂರ್ಯನಿಂದ ಅದಕ್ಕಿರುವ ದೂರಕ್ಕೂ ಕಟ್ಟುನಿಟ್ಟಾದ ನಂಟು ಇದೆ ಎಂದು ಜರ್ಮನಿಯ ಕೆಪ್ಲರ್ ತೋರಿಸಿಕೊಟ್ಟಿದ್ದ. ಭೂಮಿ ಒಂದು ಸುತ್ತು ಬರಲು 365 ದಿನ, ಶುಕ್ರ 225 ದಿನ. ಇದರಿಂದ, ಸೂರ್ಯನಿಂದ ಭೂಮಿ 100 ಹೆಜ್ಜೆ ದೂರದಲ್ಲಿದ್ದರೆ ಶುಕ್ರ 72 ಹೆಜ್ಜೆಯಲ್ಲಿದೆ ಎಂದು ಲೆಕ್ಕ ಸಿಗುತ್ತದೆ. ಹೆಜ್ಜೆ ಎಂದರೆ ಎಷ್ಟು ಕಿಲೋಮೀಟರ್? ಅದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. 1672ರಲ್ಲಿ ಫ್ರೆಂಚರು ಮಂಗಳ ಗ್ರಹವನ್ನು ಹಿಡಿದು ಒಂದು ಅಂದಾಜು ಮಾಡಿದ್ದರು. ಉತ್ತರ ಹತ್ತಿರವೇ ಬಂದಿತ್ತು, ಆದರೆ ಅದನ್ನು ನಂಬಿ ನಿಲ್ಲುವಷ್ಟು ಅಳತೆ ಬಿಗಿಯಾಗಿರಲಿಲ್ಲ.

ಹೆಬ್ಬೆರಳಿನ ಜಿಗಿತ

ಕೈ ನೀಡಿ ಹೆಬ್ಬೆರಳನ್ನು ನೆಟ್ಟಗೆ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಎದುರಿನ ಗೋಡೆಯ ಮೇಲೆ ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಬೆರಳು ಅಲುಗಿಲ್ಲ, ನೋಡುವ ಜಾಗ ಬದಲಾಗಿದೆ ಅಷ್ಟೇ. ಇದನ್ನು ‘ನೋಟಪಲ್ಲಟ’ ಎಂದು ಕರೆಯೋಣ. ಖಗೋಳದವರ ಬಾಯಲ್ಲಿ ಇದು ಪ್ಯಾರಲ್ಯಾಕ್ಸ್. ಬೆರಳು ಹತ್ತಿರವಿದ್ದರೆ ಜಿಗಿತ ಹೆಚ್ಚು, ದೂರ ಹೋದಂತೆ ಕಡಿಮೆ. ಹಾಗಾಗಿ ಎರಡು ಕಣ್ಣುಗಳ ನಡುವಿನ ಅಂತರವೂ ಜಿಗಿತದ ಪ್ರಮಾಣವೂ ಗೊತ್ತಿದ್ದರೆ ಬೆರಳಿನ ದೂರ ತಾನಾಗಿಯೇ ಸಿಗುತ್ತದೆ.

ಸೂರ್ಯನಿಗೂ ಹೀಗೇ ಮಾಡಬಹುದಲ್ಲ? ಭೂಮಿಯ ಎರಡು ತುದಿಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದರೆ ಅವರೇ ಎರಡು ಕಣ್ಣು. ಅಂತರ ಸುಮಾರು 12,700 ಕಿಲೋಮೀಟರ್, ಕಡಿಮೆಯೇನಲ್ಲ. ಆದರೆ ಸೂರ್ಯನ ದೂರದ ಮುಂದೆ ಅದು ಏನೂ ಅಲ್ಲ. ನಿಮ್ಮ ಹೆಬ್ಬೆರಳನ್ನು ಸುಮಾರು 700 ಮೀಟರ್ ಆಚೆ ನಿಲ್ಲಿಸಿ, ಎರಡು ಕಣ್ಣಿಗೂ ಅದು ಎಷ್ಟು ಜಿಗಿಯಿತು ಎಂದು ಕಂಡುಹಿಡಿಯುವ ಕೆಲಸ ಅದು. ಸಾಲದ್ದಕ್ಕೆ ಹಿಂದೆ ಗೋಡೆಯೇ ಇಲ್ಲ. ಸೂರ್ಯನ ಪ್ರಭೆಯಲ್ಲಿ ಹಿಂಬದಿಯ ನಕ್ಷತ್ರಗಳೆಲ್ಲ ಮಾಯ.

ಸೂರ್ಯನನ್ನೇ ಗೋಡೆ ಮಾಡಿಕೊಂಡರೆ ಹೇಗೆ? ಅದರ ಮುಂದೆ ಹಾದುಹೋಗುವ ಬೆರಳೊಂದು ಬೇಕು, ಅಷ್ಟೇ. ಆ ಬೆರಳೇ ಶುಕ್ರ.

ಬೆಳ್ಳಿ ಬಟ್ಟಾಗುವ ದಿನ

ಬೆಳ್ಳಿ ಎಂದು ನಾವು ಕರೆಯುವ ಶುಕ್ರ ಅಪರೂಪಕ್ಕೊಮ್ಮೆ ನಮಗೂ ಸೂರ್ಯನಿಗೂ ಸರಿಯಾಗಿ ನಡುವೆ ಬರುತ್ತದೆ. ಆಗ ಅದು ಹೊಳೆಯುವುದಿಲ್ಲ. ಸೂರ್ಯಬಿಂಬದ ಮೇಲೆ ಸಣ್ಣ ಕಪ್ಪು ಬಟ್ಟಾಗಿ ಸುಮಾರು ಆರು ಗಂಟೆ ಕಾಲ ತೆವಳುತ್ತದೆ. ಇದು ಶುಕ್ರ ಸಂಕ್ರಮಣ. ಶುಕ್ರನ ಹಾದಿ ನಮ್ಮ ಹಾದಿಗಿಂತ ಕೊಂಚ ಓರೆಯಾಗಿರುವುದರಿಂದ ಬಹುತೇಕ ಸಲ ಅದು ಸೂರ್ಯನ ಮೇಲಿಂದಲೋ ಕೆಳಗಿಂದಲೋ ತಪ್ಪಿಸಿಕೊಂಡು ಹೋಗುತ್ತದೆ. ಎಂಟು ವರ್ಷದ ಅಂತರದಲ್ಲಿ ಎರಡು ಸಲ ಕಂಡರೆ, ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಯಬೇಕು. 1639ರಲ್ಲಿ ಇಂಗ್ಲೆಂಡಿನ ಹಾರಕ್ಸ್ ಎಂಬ ಯುವಕ ತಾನೇ ಲೆಕ್ಕ ಹಾಕಿ, ಗೆಳೆಯ ಕ್ರಾಬ್‌ಟ್ರೀಗೂ ತಿಳಿಸಿ, ಅದನ್ನು ನೋಡಿದ. ನಮಗೆ ತಿಳಿದಂತೆ ಅದನ್ನು ಲೆಕ್ಕ ಹಾಕಿ ಕಾದು ನೋಡಿದ ಮೊದಲಿಗರು ಇವರಿಬ್ಬರೇ. ಮುಂದಿನ ಜೋಡಿ ಬಂದದ್ದು 1761 ಮತ್ತು 1769ರಲ್ಲಿ.

ಈಗ ಒಂದು ದೊಡ್ಡ ಕತ್ತರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ಎರಡು ಹಿಡಿಗಳು ಭೂಮಿಯ ಮೇಲೆ, ಒಂದು ಉತ್ತರದಲ್ಲಿ, ಒಂದು ದಕ್ಷಿಣದಲ್ಲಿ. ಮೊಳೆ ಶುಕ್ರನ ಮೇಲೆ. ಅಲಗಿನ ಎರಡು ತುದಿಗಳು ಸೂರ್ಯನ ಮೈಮೇಲೆ. ಉತ್ತರದವನಿಗೆ ಶುಕ್ರ ತುಸು ಕೆಳಗೆ ಕಾಣುತ್ತದೆ, ದಕ್ಷಿಣದವನಿಗೆ ತುಸು ಮೇಲೆ. ಕತ್ತರಿಯ ಹಿಡಿಯಿಂದ ಮೊಳೆಗೆ 28 ಹೆಜ್ಜೆ, ಮೊಳೆಯಿಂದ ತುದಿಗೆ 72 ಹೆಜ್ಜೆ. ಇದನ್ನು ಕೆಪ್ಲರ್ ಆಗಲೇ ಕೊಟ್ಟಿದ್ದಾನೆ. ಅಂದರೆ ಹಿಡಿಗಳ ನಡುವೆ ಎಷ್ಟು ಅಂತರವಿದೆಯೋ ಅಲಗಿನ ತುದಿಗಳ ನಡುವೆ ಅದರ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಇಬ್ಬರು ವೀಕ್ಷಕರ ನಡುವೆ 10,000 ಕಿಲೋಮೀಟರ್ ಇದ್ದರೆ, ಅವರು ಕಂಡ ಎರಡು ಹಾದಿಗಳ ನಡುವೆ ಸೂರ್ಯನ ಮೇಲೆ ಸುಮಾರು 26,000 ಕಿಲೋಮೀಟರ್.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಭೂಮಿಯ ಮೇಲೆ ಕುಳಿತೇ ಸೂರ್ಯನ ಮೈಮೇಲಿನ ಒಂದು ಅಂತರವನ್ನು ನಾವು ಕಿಲೋಮೀಟರಿನಲ್ಲಿ ಹೇಳಿಬಿಟ್ಟೆವು! ಆ ಅಂತರ ಸೂರ್ಯಬಿಂಬದ ಅಗಲದ 54ನೇ ಒಂದು ಭಾಗ ಎಂದು ಕಂಡರೆ, ಸೂರ್ಯನ ಅಗಲ 14 ಲಕ್ಷ ಕಿಲೋಮೀಟರ್. ಇನ್ನು ಉಳಿದದ್ದು ಗುಂಡಿಯ ಲೆಕ್ಕ. ಎರಡು ಸೆಂಟಿಮೀಟರಿನ ಅಂಗಿಯ ಗುಂಡಿಯನ್ನು ಸುಮಾರು 2 ಮೀಟರ್ 14 ಸೆಂಟಿಮೀಟರ್ ದೂರ ಹಿಡಿದರೆ ಅದು ಸೂರ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. ಅಂದರೆ ಅಗಲದ 107 ಪಟ್ಟು ದೂರ. 14 ಲಕ್ಷವನ್ನು 107ರಿಂದ ಗುಣಿಸಿ ನೋಡಿ. ಶಾಲೆಯಲ್ಲಿ ತುಂಬಿದ ಆ ಬಿಟ್ಟ ಸ್ಥಳದ ಉತ್ತರ ಎದುರಿಗೆ ಬರುತ್ತದೆ.

ದುಂಡು ಕೆರೆ, ಎರಡು ತೆಪ್ಪ

ತೊಡಕು ಇರುವುದು ಆ ‘54ನೇ ಒಂದು ಭಾಗ’ದಲ್ಲಿ. ಒಬ್ಬ ನಾರ್ವೆಯಲ್ಲಿ, ಇನ್ನೊಬ್ಬ ಶಾಂತಸಾಗರದ ನಡುವೆ. ಇಬ್ಬರೂ ಅಲುಗಾಡುವ ಬಿಂಬವನ್ನು ನೋಡಿ ಚಿತ್ರ ಬರೆದು, ಆಮೇಲೆ ಎರಡನ್ನೂ ಒಂದರ ಮೇಲೊಂದಿಟ್ಟು ಹೋಲಿಸಿದರೆ ಗೆರೆಯ ದಪ್ಪದಲ್ಲೇ ಲೆಕ್ಕ ಮುಳುಗುತ್ತದೆ.

ದಾರಿ ತೋರಿಸಿದವನು ಎಡ್ಮಂಡ್ ಹ್ಯಾಲಿ, ಧೂಮಕೇತುವಿಗೆ ಹೆಸರಾದ ಅದೇ ಹ್ಯಾಲಿ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಬುಧ ಗ್ರಹ ಸೂರ್ಯನ ಮುಂದೆ ಹಾಯುವುದನ್ನು ಅವನು ನೋಡಿದ್ದ. ಅಂಚಿನೊಳಗೆ ಬುಧ ಕಾಲಿಟ್ಟ ಕ್ಷಣ, ಹೊರಬಿದ್ದ ಕ್ಷಣ, ಎರಡನ್ನೂ ಸೆಕೆಂಡಿನ ಮಟ್ಟಿಗೆ ಗುರುತಿಸಬಹುದು ಎಂದು ಅವನಿಗೆ ಅನ್ನಿಸಿತು. ಅಲ್ಲಿಂದ ಹುಟ್ಟಿದ ಯೋಚನೆ ಇದು.

ದುಂಡನೆಯ ಕೆರೆಯೊಂದರಲ್ಲಿ ಎರಡು ತೆಪ್ಪಗಳು ಒಂದೇ ವೇಗದಲ್ಲಿ, ಅಕ್ಕಪಕ್ಕದ ನೇರ ಗೆರೆಗಳಲ್ಲಿ ಸಾಗುತ್ತಿವೆ. ಕೆರೆಯ ನಡುವಿಗೆ ಹತ್ತಿರವಿರುವ ತೆಪ್ಪ ಉದ್ದ ದಾರಿ ಸವೆಸಬೇಕು, ದಡಕ್ಕೆ ಹತ್ತಿರವಿರುವುದು ಬೇಗ ಆಚೆ ಸೇರುತ್ತದೆ. ದಂಡೆಯ ಮೇಲೆ ಕಣ್ಣು ಕಟ್ಟಿಕೊಂಡು ಕುಳಿತವನಿಗೂ, ಹೊರಟ ಹೊತ್ತು ಸೇರಿದ ಹೊತ್ತು ಹೇಳಿದರೆ ಸಾಕು, ಯಾವ ತೆಪ್ಪ ನಡುವಿನಿಂದ ಎಷ್ಟು ದೂರ ಹಾದುಹೋಯಿತು ಎಂದು ಲೆಕ್ಕ ಹಾಕಿಬಿಡುತ್ತಾನೆ. ದಡದ ಹತ್ತಿರವಂತೂ ಗೆರೆ ಚೂರು ಸರಿದರೂ ದಾರಿಯ ಉದ್ದ ತುಂಬ ಬದಲಾಗುತ್ತದೆ. ಕೆರೆ ಎಂದರೆ ಸೂರ್ಯಬಿಂಬ, ತೆಪ್ಪ ಎಂದರೆ ಶುಕ್ರ. ಕಣ್ಣಿಗೆ ಸಿಗದ ಸಣ್ಣ ಅಂತರ ಗಡಿಯಾರದಲ್ಲಿ ನಿಮಿಷಗಟ್ಟಲೆ ವ್ಯತ್ಯಾಸವಾಗಿ ಹಿಗ್ಗುತ್ತದೆ. ಭೂಮಿಯೂ ತಿರುಗುತ್ತಿರುವುದರಿಂದ ಅದರ ಲೆಕ್ಕವನ್ನು ಬೇರೆಯಾಗಿ ಕಳೆಯಬೇಕು. ಆದರೆ ಉಪಾಯದ ತಿರುಳು ಇಷ್ಟೇ: ದೂರವನ್ನು ಹೊತ್ತಾಗಿ ಬದಲಿಸು, ಹೊತ್ತನ್ನು ಅಳೆ.

1716ರಲ್ಲಿ ಹ್ಯಾಲಿ ಇದನ್ನು ಬರೆದು ಪ್ರಕಟಿಸಿದ. ಆಗ ಅವನಿಗೆ ಅರವತ್ತು ವರ್ಷ, ಸಂಕ್ರಮಣಕ್ಕೆ ಇನ್ನೂ ನಲವತ್ತೈದು ವರ್ಷ. ತಾನು ಅದನ್ನು ನೋಡುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಇನ್ನೂ ಬೆಳೆಯಬೇಕಾದ ಖಗೋಳಜ್ಞರನ್ನು ಉದ್ದೇಶಿಸಿ ಬರೆದ. ತಾನು ಕೂರದ ನೆರಳಿಗಾಗಿ ಸಾಲುಮರ ನೆಟ್ಟವರ ಸಾಲಿನಲ್ಲಿ ನಾನು ಹ್ಯಾಲಿಯನ್ನೂ ಎಣಿಸುತ್ತೇನೆ.

ಯುದ್ಧದ ನಡುವೆ ಗಡಿಯಾರ ಹೊತ್ತವರು

1761ರ ಜೂನ್ 6 ಬಂದಾಗ ಇಂಗ್ಲೆಂಡ್ ಮತ್ತು ಫ್ರಾನ್ಸ್ ಏಳು ವರ್ಷಗಳ ಯುದ್ಧದಲ್ಲಿದ್ದವು. ಆದರೂ ನೂರಕ್ಕೂ ಹೆಚ್ಚು ವೀಕ್ಷಕರು ದೂರದರ್ಶಕ ಹಿಡಿದು ಸಿದ್ಧರಾದರು. ಸುಮಾತ್ರಕ್ಕೆ ಹೊರಟ ಇಂಗ್ಲೆಂಡಿನ ಮೇಸನ್ ಮತ್ತು ಡಿಕ್ಸನ್ನರ ಹಡಗಿನ ಮೇಲೆ ಫ್ರೆಂಚ್ ಹಡಗು ಗುಂಡು ಹಾರಿಸಿತು, ಹನ್ನೊಂದು ಜನ ಸತ್ತರು. ಅವರು ಕೊನೆಗೆ ಕೇಪ್‌ಟೌನಿನಲ್ಲೇ ನಿಂತು ನೋಡಿದರು. ಫ್ರಾನ್ಸಿನ ಶಾಪ್ ಎಂಬ ಪಾದ್ರಿ ಸೈಬೀರಿಯದ ತೊಬೊಲ್‌ಸ್ಕ್‌ಗೆ ಹೊರಟ. ಹೆಪ್ಪುಗಟ್ಟಿದ ನದಿಗಳು ಕರಗುವ ಮುಂಚೆ ಜಾರುಬಂಡಿಯಲ್ಲಿ ಅವುಗಳನ್ನು ದಾಟಬೇಕಿತ್ತು, ದಾಟಿದ. ಆ ವಸಂತದಲ್ಲಿ ನೆರೆ ಬಂದಾಗ, ಸೂರ್ಯನ ಕಡೆ ಯಂತ್ರ ತಿರುಗಿಸಿದ ಈ ಪರದೇಶಿಯೇ ಕಾರಣ ಎಂದು ಊರವರು ಸಿಟ್ಟಿಗೆದ್ದರು. ಕಾವಲು ಇಟ್ಟುಕೊಂಡು ನೋಡಬೇಕಾಯಿತು.

ಆ ಸಲ ಬಂದ ಉತ್ತರಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಬ್ಬರ ಲೆಕ್ಕದಲ್ಲಿ ಹನ್ನೆರಡೂವರೆ ಕೋಟಿ ಕಿಲೋಮೀಟರ್, ಇನ್ನೊಬ್ಬರ ಲೆಕ್ಕದಲ್ಲಿ ಹದಿನಾರು ಕೋಟಿಯ ಹತ್ತಿರ. ಎಂಟು ವರ್ಷದ ನಂತರದ ಇನ್ನೊಂದು ಅವಕಾಶಕ್ಕೆ ಎಲ್ಲರೂ ಕಾದರು. ಕಾದವರಲ್ಲಿ ಒಬ್ಬನ ಬಗ್ಗೆ ನಿಧಾನವಾಗಿ ಹೇಳಬೇಕು.

ಪಾಂಡಿಚೇರಿಯ ಮೋಡ

ಗಿಯೋಮ್ ಲ ಜಾಂತಿ 1760ರ ಮಾರ್ಚಿನಲ್ಲಿ ಫ್ರಾನ್ಸ್ ಬಿಟ್ಟ. ಗುರಿ ಪಾಂಡಿಚೇರಿ. ಮಾರಿಷಸ್ ತಲುಪಿದಾಗ, ಇಂಗ್ಲಿಷರು ಪಾಂಡಿಚೇರಿಗೆ ಮುತ್ತಿಗೆ ಹಾಕುತ್ತಿದ್ದಾರೆ ಎಂಬ ಸುದ್ದಿ. ಈ ಮುತ್ತಿಗೆಯಲ್ಲಿ ನಮ್ಮ ನೆಲದ ಎಳೆಯೂ ಒಂದಿದೆ. ಆ ವರ್ಷ ಫ್ರೆಂಚರ ನೆರವಿಗೆಂದು ಹೈದರಾಲಿ ಮೈಸೂರಿನಿಂದ ಸೇನೆ ಕಳಿಸಿದ್ದ. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾಯ ಅವನ ವಿರುದ್ಧ ತಿರುಗಿಬಿದ್ದ, ಸೇನೆಯನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಆ ಪಡೆ ಉಳಿದಿದ್ದರೆ ಕೋಟೆ ಉಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ 1761ರ ಜನವರಿಯಲ್ಲಿ ಪಾಂಡಿಚೇರಿ ಬಿತ್ತು.

ಲ ಜಾಂತಿಗೆ ಇದು ಗೊತ್ತಿರಲಿಲ್ಲ. ಮಾರ್ಚಿನಲ್ಲಿ ಹಡಗು ಹತ್ತಿ ಹೊರಟ. ಮಲಬಾರ್ ಕರಾವಳಿಯ ಮಾಹೆಯ ಬಳಿ ಬಂದಾಗ ಸುದ್ದಿ ಮುಟ್ಟಿತು. ಹಡಗು ಮಾರಿಷಸ್ಸಿನತ್ತ ತಿರುಗಿತು. ಜೂನ್ 6ರಂದು ನಡುಸಮುದ್ರದಲ್ಲಿ ಆಕಾಶ ನಿಚ್ಚಳವಾಗಿತ್ತು. ಹಡಗಿನ ಅಟ್ಟದ ಮೇಲಿನಿಂದ ಅವನು ಶುಕ್ರನನ್ನು ಕಣ್ಣಾರೆ ಕಂಡ. ಆದರೆ ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಡೆಯುವುದಿಲ್ಲ, ತಾನು ನಿಂತ ಜಾಗವನ್ನೂ ಖಚಿತವಾಗಿ ಗುರುತಿಸಲಾಗದು. ನೋಡಿದ್ದು ಲೆಕ್ಕಕ್ಕೆ ಬರಲಿಲ್ಲ.

ಅವನು ಊರಿಗೆ ಮರಳಲಿಲ್ಲ. ಎಂಟು ವರ್ಷ ಈ ಸಮುದ್ರದಲ್ಲೇ ಉಳಿದ. ಮಡಗಾಸ್ಕರಿನ ತೀರದ ನಕ್ಷೆ ಬರೆದ. ಮುಂದಿನ ಸಂಕ್ರಮಣಕ್ಕೆ ಮನಿಲಾ ವಾಸಿ ಎಂದು ಅಲ್ಲಿಗೂ ಹೋದ. ಆದರೆ ಅಲ್ಲಿನ ಸ್ಪೇನಿನ ಅಧಿಕಾರಿಗೆ ಇವನ ಮೇಲೆ ಅನುಮಾನ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೂ ಪಾಂಡಿಚೇರಿಯೇ ಆಗಬೇಕಿತ್ತು. ಅಷ್ಟರಲ್ಲಿ ಯುದ್ಧ ಮುಗಿದು ಪಾಂಡಿಚೇರಿ ಫ್ರೆಂಚರಿಗೆ ಮರಳಿ ಸಿಕ್ಕಿತ್ತು. 1768ರ ಮಾರ್ಚಿನಲ್ಲಿ ಬಂದಿಳಿದು, ಪಾಳುಬಿದ್ದ ಕೋಟೆಯ ಮೇಲೆ ವೀಕ್ಷಣಾಲಯ ಕಟ್ಟಿಸಿದ. ಒಳ್ಳೆಯ ದೂರದರ್ಶಕವೊಂದನ್ನು ಮದ್ರಾಸಿನ ಇಂಗ್ಲಿಷರೇ ಕಳಿಸಿಕೊಟ್ಟರು. ಬಿಡುವಿನಲ್ಲಿ ತಮಿಳು ಗಣಿತಜ್ಞರ ಹತ್ತಿರ ಕುಳಿತು ಅವರ ಗ್ರಹಣದ ಲೆಕ್ಕ ಕಲಿತ. ಕಾಗದವಿಲ್ಲದೆ, ಕವಡೆ ಸರಿಸುತ್ತ, ಬಾಯಿಪಾಠದ ಸೂತ್ರ ಹೇಳಿಕೊಳ್ಳುತ್ತ ಅವರು ಗ್ರಹಣದ ಹೊತ್ತು ಹೇಳುತ್ತಿದ್ದರು. ಅದನ್ನು ಅವನು ಯುರೋಪಿಗೆ ವಿವರವಾಗಿ ತಿಳಿಸಿದ. ನಮ್ಮ ಜ್ಯೋತಿರ್ಗಣಿತದ ಚರಿತ್ರೆಗೆ ಅದೊಂದು ಬೆಲೆಯುಳ್ಳ ದಾಖಲೆ.

1769ರ ಜೂನ್ 4ರ ಬೆಳಗ್ಗೆ ಸೂರ್ಯ ಹುಟ್ಟುವಾಗಲೇ ಶುಕ್ರ ಬಿಂಬದ ಮೇಲಿರಬೇಕಿತ್ತು. ಏಳರ ಸುಮಾರಿಗೆ ಅದು ಹೊರಬೀಳುವ ಗಳಿಗೆ. ಪೂರ್ತಿ ಆರು ಗಂಟೆ ಕಾಣದಿದ್ದರೂ ಚಿಂತೆಯಿಲ್ಲ. ನಿಂತ ಜಾಗದ ರೇಖಾಂಶ ಖಚಿತವಾಗಿದ್ದರೆ ಒಂದೇ ಗಳಿಗೆಯೂ ಲೆಕ್ಕಕ್ಕೆ ಬರುತ್ತದೆ ಎಂದು ಫ್ರಾನ್ಸಿನ ಡೆಲಿಲ್ ತೋರಿಸಿದ್ದ. ಮೇ ತಿಂಗಳಿಡೀ ಮುಂಜಾವುಗಳು ತಿಳಿಯಾಗಿದ್ದವು. ಹಿಂದಿನ ರಾತ್ರಿಯೂ ತಿಳಿ. ಬೆಳಗಿನ ಜಾವ ಗಾಳಿ ಎದ್ದು ಮೋಡ ಕವಿಯಿತು. ಏಳು ಗಂಟೆಗೆ ಮೋಡದ ಹಿಂದೆ ಮಸುಕು ಬಿಳುಪು ಮಾತ್ರ ಕಂಡಿತು. ಶುಕ್ರ ದಾಟಿ ಹೋದ ಮೇಲೆ ಸೂರ್ಯ ಹೊರಬಂದು ದಿನವಿಡೀ ಬೆಳಗಿದ. ಅವನು ಬಿಟ್ಟುಬಂದ ಮನಿಲಾದಲ್ಲಿ ಆಕಾಶ ಶುಭ್ರವಾಗಿತ್ತು.

ಎರಡು ವಾರ ಅವನಿಗೆ ಲೇಖನಿ ಹಿಡಿಯಲಾಗಲಿಲ್ಲ. 1771ರ ಅಕ್ಟೋಬರಿನಲ್ಲಿ, ಹನ್ನೊಂದೂವರೆ ವರ್ಷದ ನಂತರ, ಊರು ಸೇರಿದಾಗ ಅವನು ಸತ್ತನೆಂದು ವಾರಸುದಾರರು ಆಸ್ತಿ ಹಂಚಿಕೊಳ್ಳಲು ಹೊರಟಿದ್ದರು. ಅಕಾಡೆಮಿಯಲ್ಲಿ ಅವನ ಸ್ಥಾನವೂ ಕೈತಪ್ಪಿತ್ತು. ಸ್ಥಾನ ಮುಂದೆ ಮರಳಿ ಸಿಕ್ಕಿತು. ಮದುವೆಯಾಗಿ, ಮಗಳನ್ನು ಪಡೆದು, 1792ರವರೆಗೆ ಬಾಳಿದ. ಅವನನ್ನು ನತದೃಷ್ಟ ಎಂದು ಕರೆಯುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಮೋಡ ಕವಿಯಿತು ಎಂದು ಇದ್ದದ್ದು ಇದ್ದಂತೆ ಬರೆದವನು ಅವನು. ಊಹೆಯ ಅಂಕಿಯೊಂದನ್ನು ಸೇರಿಸಿದ್ದರೆ ಕೇಳುವವರು ಯಾರಿದ್ದರು?

ಕರಿಹನಿ

ತಾಹಿತಿಯಲ್ಲಿ ಆಕಾಶ ಕೈಕೊಡಲಿಲ್ಲ. ಕ್ಯಾಪ್ಟನ್ ಜೇಮ್ಸ್ ಕುಕ್ ಮತ್ತು ಖಗೋಳಜ್ಞ ಚಾರ್ಲ್ಸ್ ಗ್ರೀನ್ ಒಂದೇ ಜಾಗದಲ್ಲಿ ನಿಂತು ನೋಡಿದರು. ಆದರೂ ಇಬ್ಬರು ಬರೆದುಕೊಂಡ ಹೊತ್ತು ಸೆಕೆಂಡುಗಟ್ಟಲೆ ಬೇರೆ. ಶುಕ್ರ ಅಂಚು ಬಿಟ್ಟು ಒಳಬರುವ ಕ್ಷಣದಲ್ಲಿ ಚುಕ್ಕೆ ತಟ್ಟನೆ ಬೇರ್ಪಡಲಿಲ್ಲ. ನಲ್ಲಿಯ ತುದಿಯಲ್ಲಿ ಜೋತುಬಿದ್ದ ಹನಿಯಂತೆ ಕಪ್ಪು ಬಾಲವೊಂದು ಅಂಚಿಗೆ ಅಂಟಿಕೊಂಡಿತ್ತು. ಎಲ್ಲೆಡೆಯೂ ವೀಕ್ಷಕರನ್ನು ಕಾಡಿದ್ದು ಈ ‘ಕರಿಹನಿ’ಯೇ.

ನೀವೇ ನೋಡಬಹುದು. ಕಿಟಕಿಯ ಬೆಳಕಿಗೆ ಎದುರಾಗಿ, ಕಣ್ಣಿಗೆ ತೀರ ಹತ್ತಿರ, ಹೆಬ್ಬೆರಳು ಮತ್ತು ತೋರುಬೆರಳನ್ನು ನಿಧಾನವಾಗಿ ಕೂಡಿಸಿ. ಬೆರಳುಗಳು ಮುಟ್ಟುವ ಮೊದಲೇ ನಡುವೆ ಕಪ್ಪು ಸೇತುವೆಯೊಂದು ಮೂಡುತ್ತದೆ. ಎರಡು ಮಸುಕು ಅಂಚುಗಳು ಹತ್ತಿರ ಬಂದರೆ ಅವುಗಳ ಮಸುಕು ಮೊದಲು ಕೂಡಿಕೊಳ್ಳುತ್ತದೆ. ಶುಕ್ರನ ಗಾಳಿಯೇ ಇದಕ್ಕೆ ಕಾರಣ ಎಂದು ಬಹುಕಾಲ ನಂಬಿದ್ದರು. ಆದರೆ 1999ರಲ್ಲಿ ಗಾಳಿಯೇ ಇಲ್ಲವೆನ್ನಬಹುದಾದ ಬುಧ ಗ್ರಹ ಸೂರ್ಯನನ್ನು ದಾಟಿದಾಗ, ಬಾಹ್ಯಾಕಾಶದ ದೂರದರ್ಶಕಕ್ಕೂ ಕರಿಹನಿ ಕಂಡಿತು. ದೂರದರ್ಶಕದ ಸಹಜ ಮಸುಕು, ಅಂಚಿನಲ್ಲಿ ಮಂಕಾಗುವ ಸೂರ್ಯನ ಬೆಳಕು, ಇವೆರಡೂ ಸೇರಿ ಹಾಗೆ ಮಾಡುತ್ತವೆ ಎಂದು ಈಗ ಗೊತ್ತಿದೆ.

ಕೂಡಿಸಿದ ಲೆಕ್ಕ

ಕರಿಹನಿ ಕಾಡಿದರೂ 1769ರ ಅಂಕಿಗಳು ಕೈಬಿಡಲಿಲ್ಲ. ನಾರ್ವೆಯ ಉತ್ತರ ತುದಿಯ ವಾರ್ಡೊದಲ್ಲಿ ಮ್ಯಾಕ್ಸಿಮಿಲಿಯನ್ ಹೆಲ್ ಕಂಡ ಸಂಕ್ರಮಣ, ತಾಹಿತಿಯಲ್ಲಿ ಕಂಡದ್ದಕ್ಕಿಂತ 20 ನಿಮಿಷಕ್ಕೂ ಹೆಚ್ಚು ಉದ್ದವಾಗಿತ್ತು. ಹ್ಯಾಲಿಯ ತೆಪ್ಪಗಳು ಅವನು ಹೇಳಿದಂತೆಯೇ ನಡೆದುಕೊಂಡಿದ್ದವು. ಸೈಬೀರಿಯ ಕಂಡಿದ್ದ ಶಾಪ್ ಈ ಸಲ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯದಲ್ಲಿದ್ದ. ವೀಕ್ಷಣೆ ಮುಗಿಸಿದ, ಆದರೆ ಅಲ್ಲಿ ಹರಡಿದ್ದ ಸಾಂಕ್ರಾಮಿಕ ಜ್ವರಕ್ಕೆ ಆಗಸ್ಟ್ 1ರಂದು ತೀರಿಕೊಂಡ. ಅವನ ಟಿಪ್ಪಣಿಗಳು ಪ್ಯಾರಿಸ್ ಸೇರಿದವು.

1771ರಲ್ಲಿ ಆಕ್ಸ್‌ಫರ್ಡಿನ ಥಾಮಸ್ ಹಾರ್ನ್ಸ್‌ಬಿ ಈ ಎಲ್ಲವನ್ನೂ ಕೂಡಿಸಿ ಲೆಕ್ಕ ಮಾಡಿದ. ಉತ್ತರ 9,37,26,900 ಮೈಲಿ. ನಮ್ಮ ಅಳತೆಯಲ್ಲಿ ಸುಮಾರು 15.08 ಕೋಟಿ ಕಿಲೋಮೀಟರ್. ಇಂದಿನ ಲೆಕ್ಕಕ್ಕೆ ಹೋಲಿಸಿದರೆ ನೂರಕ್ಕೆ ಒಂದರಷ್ಟೂ ತಪ್ಪಿಲ್ಲ.

ಮುಂದಿನ ಸಂಕ್ರಮಣ 1874ರಲ್ಲಿ. ಅದರ ಬಗ್ಗೆ ಜನರಿಗೆ ತಿಳಿಯಲೆಂದು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಪುಸ್ತಿಕೆಯೊಂದನ್ನು ಬರೆದರು. ಅದು ಹಲವು ಭಾಷೆಗಳಲ್ಲಿ ಬಂತು, ಅವುಗಳಲ್ಲಿ ಕನ್ನಡವೂ ಒಂದು. 2004ರ ಮತ್ತು 2012ರ ಜೂನ್ ತಿಂಗಳ ಸಂಕ್ರಮಣಗಳನ್ನು, ಮುಂಗಾರಿನ ಮೋಡ ಬಿಟ್ಟುಕೊಟ್ಟ ಕಡೆಯಲ್ಲೆಲ್ಲ, ನಮ್ಮ ಶಾಲಾ ಮಕ್ಕಳೂ ಸೌರ ಕನ್ನಡಕ ಹಾಕಿಕೊಂಡು ನೋಡಿದರು.

ಈಗ ಸೂರ್ಯನ ದೂರಕ್ಕೆ ಸಂಕ್ರಮಣ ಬೇಕಿಲ್ಲ. 1761 ಕಳೆದು ಸರಿಯಾಗಿ ಇನ್ನೂರು ವರ್ಷಕ್ಕೆ, 1961ರಲ್ಲಿ, ವಿಜ್ಞಾನಿಗಳು ರೇಡಾರ್ ಅಲೆಯನ್ನು ಶುಕ್ರನತ್ತ ಎಸೆದು, ಅದು ತಟ್ಟಿ ಮರಳಲು ಹಿಡಿದ ನಿಮಿಷಗಳನ್ನು ಎಣಿಸಿದರು. ಮತ್ತೆ ಶುಕ್ರ, ಮತ್ತೆ ಗಡಿಯಾರ, ಮತ್ತೆ ಕೆಪ್ಲರನ ನಕ್ಷೆ. ಕೊನೆಯ ಸಂಕ್ರಮಣ ನಡೆದ 2012ರಲ್ಲೇ, ಆಗಸ್ಟ್ ತಿಂಗಳಲ್ಲಿ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಈ ದೂರದ ಮಾನವನ್ನು 1,49,59,78,70,700 ಮೀಟರ್ ಎಂದು ಗೊತ್ತುಮಾಡಿತು. ಮುಂದಿನ ಶುಕ್ರ ಸಂಕ್ರಮಣ 2117ರ ಡಿಸೆಂಬರ್ 11ರಂದು.